ಮೇಲಿನ ಸೆಟ್ಟು, ಕೆಳಗಿನ ಸೆಟ್ಟು

೧

ಹೇಗೆ ಶುರು ಮಾಡಲಿ? ಅಪ್ಪನಿಂದ ಮಾಡಬಹುದು. ನಮ್ಮ ರಾಜ್ಯದ ಸೆನೆಟರ್‌ಗಳ ಬದುಕು ಬರೆದವರೆಲ್ಲ ಅಪ್ಪನಿಂದಲೇ ಶುರು ಮಾಡಿದ್ದಾರೆ. ಇಂಥ ಸಕ್ಕರೆ ಗಿರಣಿಯ ಧಣಿಯ ಮಗನಾಗಿ ಹುಟ್ಟಿದರು, ರಾಜ್ಯದ ರಾಜಧಾನಿಯಲ್ಲಿ ಕಾನೂನು ಓದಿದರು, ಮರಳಿ ಬಂದು ದನ ಸಾಕಿದರು, ಒಂದು ರೇಡಿಯೋ ಸ್ಟೇಷನ್ ಕೊಂಡರು, ಸೆನೆಟರ್ ಆಗಿ ದೇಶದ ರಾಜಧಾನಿ ಬ್ರೆಜಿಲಿಯಾಕ್ಕೆ ಹೋದರು, ತೀರಿಕೊಂಡರು. ಪುಟ ತಿರುಗಿಸಿದರೆ ಇನ್ನೊಬ್ಬರು: ಇಂಥ ಸೆನೆಟರ್‌ರ ಮಗನಾಗಿ ಹುಟ್ಟಿದರು.

ಇದು ನನ್ನ ಹೊಟ್ಟೆಪಾಡು. 'ನಮ್ಮ ಸೆನೆಟರ್‌ಗಳು: ಹಿನ್ನೆಲೆ ಮತ್ತು ವೃತ್ತಿಜೀವನ' ಎಂಬ ದಪ್ಪ ಪುಸ್ತಕಕ್ಕೆ ಒಬ್ಬೊಬ್ಬರ ಬದುಕನ್ನೂ ಒಂದೊಂದು ಪುಟಕ್ಕೆ ಇಳಿಸಿ ಕೊಡುತ್ತೇನೆ. ಸಂಪಾದಕಿ ನೆಯುಮಾ ಆಗಾಗ ಫೋನ್ ಮಾಡಿ, "ಮೇಷ್ಟ್ರೇ, ಗುಣವಾಚಕ ಜಾಸ್ತಿ ಹಾಕ್ಬೇಡಿ, ಓದೋರಿಗೆ ಅನುಮಾನ ಬರತ್ತೆ" ಎನ್ನುತ್ತಾಳೆ. ಪುಸ್ತಕಕ್ಕೆ ದುಡ್ಡು ಹಾಕಿರುವುದು ಓತಸೀಲಿಯೊ ಮನೆತನ. ನೆಯುಮಾ ಆ ಮನೆಯ ಸೊಸೆ.

ಎಲ್ಲ ಮುಗಿದಿದೆ, ಒಂದು ಪುಟ ಬಿಟ್ಟು. ಅದು ಲಿಂದಾಲ್ವಾ ಅವರ ಪುಟ. ಅಪ್ಪನಿಂದ ಶುರು ಮಾಡೋಣವೆಂದರೆ ಆಕೆಯ ಅಪ್ಪ ಸಂತೆಯಲ್ಲಿ ಕ್ಷೌರ ಮಾಡುತ್ತಿದ್ದವನು, ಕೇಳಿದವರಿಗೆ ಹಲ್ಲೂ ಕಿತ್ತು ಕೊಡುತ್ತಿದ್ದ. ಪ್ರತಿ ಪುಟದ ಕೊನೆಯ ಸಾಲು 'ತೀರಿಕೊಂಡರು' ಎಂದೇ ಇರುವ ಪುಸ್ತಕವಿದು. ಆ ಸಾಲು ಬರೆಯಲು ನನಗೆ ಭಯ. ಯಾಕೆಂದು ಹೇಳುವುದೇ ಈ ಕಥೆ, ಅಥವಾ ಹೇಳದೆ ಎಳೆದಾಡುವುದು.

೨

ಸೆನೆಟರ್ ಓತಸೀಲಿಯೊ ಊಟದ ಮೇಜಿನ ಮೇಲೆಯೇ ಕುಸಿದು ಸತ್ತರು. ಅದರಲ್ಲಿ ಯಾರ ಕೈವಾಡವೂ ಇರಲಿಲ್ಲ. ಹಂದಿಮಾಂಸದ್ದು ಇದ್ದರೆ ಇರಬಹುದು.

ನಮ್ಮಲ್ಲಿ ಸೆನೆಟರ್ ಆಗಲು ಹೊರಟವನು ಒಬ್ಬನೇ ಚುನಾವಣೆಗೆ ನಿಲ್ಲುವುದಿಲ್ಲ, ಬೆನ್ನಿಗೆ ಇಬ್ಬರು ಬದಲಿಗಳನ್ನು ಕಟ್ಟಿಕೊಂಡೇ ನಿಲ್ಲುತ್ತಾನೆ. ಅವನು ಸತ್ತರೆ ಕುರ್ಚಿ ಮೊದಲನೇ ಬದಲಿಗೆ, ಅವನೂ ಹೋದರೆ ಎರಡನೇ ಬದಲಿಗೆ. ಮೊದಲನೆಯವನು ಸಾಮಾನ್ಯವಾಗಿ ಚುನಾವಣೆಗೆ ದುಡ್ಡು ಸುರಿದವನು. ಎರಡನೆಯವರ ಹೆಸರನ್ನು ಅವರ ಮನೆಯವರೂ ಓದುವುದಿಲ್ಲ.

ಮೊದಲನೇ ಬದಲಿ ಎವೆರಾಲ್ದೊ, ಪೆಟ್ರೋಲ್ ಬಂಕುಗಳ ಧಣಿ. ಬ್ರೆಜಿಲಿಯಾಕ್ಕೆಂದು ಸೂಟು ಹೊಲಿಯಲು ಹಾಕಿದ್ದ. ಅಷ್ಟರಲ್ಲಿ ಸತ್ತ ಸೆನೆಟರ್‌ರ ಮಗ ಕಿರಿಯ ಓತಸೀಲಿಯೊ ಅವನನ್ನು ಮನೆಗೆ ಕರೆದ. ಬದಲಿಗಳು ಯಾರೂ ಉಳಿಯದಿದ್ದರೆ ಹೊಸ ಚುನಾವಣೆ ನಡೆಯಬೇಕು, ನಡೆದರೆ ಅಪ್ಪನ ಕುರ್ಚಿ ಮಗನಿಗೆ. ಎವೆರಾಲ್ದೊ ಲೋಕ ಕಂಡವನು, ತಕರಾರು ಮಾಡಲಿಲ್ಲ. ಹಕ್ಕು ಬಿಟ್ಟುಕೊಟ್ಟಿದ್ದೇನೆಂದು ಸಹಿ ಹಾಕಿದ. ಮರುವಾರ, ಹಾಡಹಗಲೇ, ಅವನ ಪಿಕಪ್ ಸೇತುವೆಯಿಂದ ಕೆಳಗೆ ಬಿತ್ತು. ಸಹಿ ಹಾಕಿದವನು ನಾಳೆ 'ಹೆದರಿಸಿ ಹಾಕಿಸಿಕೊಂಡರು' ಎಂದು ತಿರುಗಿ ಬೀಳಬಹುದಲ್ಲವೇ?

(ಇದನ್ನು ಪುಸ್ತಕದಲ್ಲಿ 'ರಸ್ತೆ ಅಪಘಾತದಲ್ಲಿ ತೀರಿಕೊಂಡರು' ಎಂದು ಬರೆದಿದ್ದೇನೆ. ನೆಯುಮಾ 'ಭೀಕರ' ಎಂಬ ಪದ ಹೊಡೆದುಹಾಕಿದಳು. ಗುಣವಾಚಕವಂತೆ.)

ಬ್ರೆಜಿಲಿಯಾದಿಂದ ಫೋನ್ ಬಂದಾಗ ಲಿಂದಾಲ್ವಾ ತನ್ನ ಚಿಕ್ಕ ಕ್ಲಿನಿಕ್ಕಿನಲ್ಲಿ ಬೇಕರಿಯವನ ದವಡೆ ಹಲ್ಲಿನೊಳಗೆ ಇಳಿದಿದ್ದಳು. ಅರವತ್ತು ದಾಟಿದ ದಂತವೈದ್ಯೆ, ಗಂಡನನ್ನು ಕಳೆದುಕೊಂಡವಳು. ಪೆದ್ರ ಮಿಯೂದ ಎಂಬ ನಮ್ಮ ಈ ಬಿಸಿಲೂರಿನಲ್ಲಿ ಎಲ್ಲರ ಬಾಯಿಯನ್ನೂ ಬಲ್ಲವಳು. "ಡೋನ ಲಿಂದಾಲ್ವಾ, ತಾವು ತಿಂಗಳೊಳಗೆ ಬಂದು ಪ್ರಮಾಣವಚನ ಸ್ವೀಕರಿಸಬೇಕು" ಎಂದಿತು ಆ ಕಡೆಯ ಮರ್ಯಾದೆಯ ದನಿ. ಎವೆರಾಲ್ದೊನ ಶವಪೆಟ್ಟಿಗೆಯ ಮುಂದೆ ತಾನೇ ನಿಂತು ಬಂದದ್ದು ನೆನಪಾಗಿ ಅವಳ ಕೊಕ್ಕೆ ಒಸಡಿಗೆ ಚುಚ್ಚಿತು. ಬೇಕರಿಯವನು 'ಆ' ಎಂದ.

೩

ಅವಳ ಹೆಸರು ಆ ಚುನಾವಣೆಯೊಳಗೆ ಸೇರಿದ್ದು ಹೇಗೆ? ಇದನ್ನು ಮೊದಲೇ ಹೇಳಬೇಕಿತ್ತು. (ಹೇಳುತ್ತಿದ್ದೆ, ಆದರೆ ಕಥೆಯ ಶುರುವಿನಲ್ಲೇ ನಾಯಕಿಯ ಮಾನ ಕಳೆಯಲು ಮನಸ್ಸಾಗಲಿಲ್ಲ.)

ನಮ್ಮ ಕಡೆ ಮತ ಕೇಳುವವರು ಕಟ್ಟುಹಲ್ಲು ಕೊಡುತ್ತಾರೆ. ಚುನಾವಣೆಗೆ ಮೊದಲು ಮೇಲಿನ ಸೆಟ್ಟು, ಗೆದ್ದ ಮೇಲೆ ಕೆಳಗಿನದು. ಎರಡನ್ನೂ ಮೊದಲೇ ಕೊಟ್ಟರೆ ಮತದಾರ ಬಾಯ್ತುಂಬ ನಕ್ಕು ಇನ್ನೊಬ್ಬನಿಗೆ ಒತ್ತಿ ಬರುತ್ತಾನೆ ಎಂಬುದು ಹಿರಿಯರ ಅನುಭವ. ಓತಸೀಲಿಯೊ ಕೊನೆಯ ಸಲ ನಿಂತಾಗ ಹಲ್ಲು ಕಟ್ಟಿದವಳು ಲಿಂದಾಲ್ವಾ. ಜನ ಟ್ರಕ್ಕುಗಳಲ್ಲಿ ಬಂದರು. ಸೆಟ್ಟು ಸರಿಯಾಗಿ ಕೂರಲೆಂದು ಅವರ ಬಾಯಲ್ಲಿ ಉಳಿದಿದ್ದ ಹಲ್ಲುಗಳನ್ನೂ ಕಿತ್ತಳು, ಮೇಲಿನವನ್ನೂ ಕೆಳಗಿನವನ್ನೂ. ಮೇಲಿನ ಸೆಟ್ಟು ಕೊಟ್ಟಳು. ಓತಸೀಲಿಯೊ ಗೆದ್ದರು. ಗೆದ್ದ ಮೇಲೆ ಸಾಮಾನು ಬರುವುದು ನಿಂತಿತು. ಕೇಳಲು ಹೋದವಳಿಗೆ ಕಾಫಿ ಕೊಟ್ಟು ಕಳಿಸಿದರು.

ಅವಳ ಕೂಲಿಯೂ ಅಷ್ಟೇ. ಚುನಾವಣೆಗೆ ಮೊದಲೇ ಸೆನೆಟರ್ ಹೇಳಿದ್ದರು: "ದುಡ್ಡು ಯಾರು ಬೇಕಾದ್ರೂ ಕೊಡ್ತಾರೆ ಡಾಕ್ಟ್ರೇ. ನಿಮ್ಮ ಹೆಸರನ್ನ ನನ್ನ ಹೆಸರಿನ ಕೆಳಗೆ ಹಾಕಿಸ್ತೀನಿ, ಎರಡನೇ ಬದಲಿ ಅಂತ. ಹೆಂಗಸಿನ ಮುಖಾನೂ ಒಂದು ಇರಲಿ." ಹೆಸರು ತಾನೇ, ಅದೇನು ಅನ್ನ ಕೇಳುತ್ತದೆಯೇ ಎಂದುಕೊಂಡು ಒಪ್ಪಿದಳು. ನಮ್ಮವರೆಲ್ಲ ಮಾಡುವ ತಪ್ಪೇ ಅದು.

(ಪುಸ್ತಕಕ್ಕೆ: 'ಬಡವರಿಗೆ ಉಚಿತ ದಂತಸೇವೆ ಸಲ್ಲಿಸಿದರು.')

೪

ಮೊದಲ ಕರಡು. ಮಧ್ಯಾಹ್ನ. ಊರೆಲ್ಲ ಮಲಗಿದೆ. ಹೆಲ್ಮೆಟ್ ಹಾಕಿದವನೊಬ್ಬ ಬೈಕಿನಿಂದಿಳಿದು ಕ್ಲಿನಿಕ್ಕಿಗೆ ಬರುತ್ತಾನೆ. "ಸಹಿ ಹಾಕಿ" ಎನ್ನುತ್ತಾನೆ. ಲಿಂದಾಲ್ವಾ ಎದೆಯುಬ್ಬಿಸಿ ನಿಲ್ಲುತ್ತಾಳೆ: "ಹೋಗಿ ಹೇಳು ನಿನ್ನ ಧಣಿಗೆ! ಈ ಜನರ ಕುರ್ಚಿಯನ್ನು ನಾನು ಮಾರುವುದಿಲ್ಲ!"

ಇದನ್ನು ಬರೆದ ಮರುದಿನ ನನಗೆ ಹಲ್ಲುನೋವು ಬಂತು. ಊರಿಗಿರುವುದು ಒಂದೇ ಕ್ಲಿನಿಕ್ಕು. ನನ್ನ ಪಾತ್ರದ ಕುರ್ಚಿಯಲ್ಲಿ ನಾನೇ ಮಲಗಬೇಕಾಯಿತು. ಬಾಯಿಗೆ ಹತ್ತಿ ತುರುಕಿ, ಡ್ರಿಲ್ಲು ಕೈಗೆತ್ತಿಕೊಂಡ ಮೇಲೆ ಆಕೆ ಮಾತು ತೆಗೆದಳು.

"ಏನಪ್ಪಾ, ನಾನು ಎದೆ ಉಬ್ಬಿಸಿದ್ನಂತೆ?"

"ಆ… ಆ…"

"ಬಾಯಿ ಅಗಲ ಮಾಡು. ಜನರ ಕುರ್ಚಿ ಅಂದ್ನಂತೆ! ಜನರ ಹಲ್ಲು ಕಿತ್ತೋಳು ನಾನು, ಜನರ ಹೆಸರು ಎತ್ತೋಕೆ ನಂಗೆ ನಾಲಿಗೆ ಬರತ್ತಾ? ಅವತ್ತು ನಿಂತ ಜಾಗದಲ್ಲೇ ಲಂಗ ಒದ್ದೆ ಆಯ್ತು. ಅದನ್ನ ಬರಿ."

"ಆ…"

"ಏನು, ಯಾಕೆ ಸಹಿ ಹಾಕ್ಲಿಲ್ಲ ಅಂತೀಯಾ? ಎವೆರಾಲ್ದೊ ಹಾಕಿದ್ನಲ್ಲ, ಎಲ್ಲಿದಾನೆ? ಸಹಿ ಹಾಕಿದ್ರೂ ಸೇತುವೆ, ಹಾಕದಿದ್ರೂ ಸೇತುವೆ. ಹಲ್ಲಿನ ಡಾಕ್ಟರು ಸತ್ರೆ ಬರೋದು ಈ ಊರ ಪೊಲೀಸು, ಅವ್ನು ಓತಸೀಲಿಯೊ ಮನೇಲೇ ಊಟ ಮಾಡ್ತಾನೆ. ಸೆನೆಟರ್ ಸತ್ರೆ ದೇಶದ ಪೊಲೀಸು ಬರ್ತಾನೆ. ಕೊಲ್ಲೋ ಮುಂಚೆ ಒಂದ್ಸಲನಾದ್ರೂ ಯೋಚನೆ ಮಾಡ್ತಾರೆ. ಪ್ರಮಾಣ ತಗೊಳೋ ತನಕ ಹೆಂಗೋ ಉಸಿರು ಹಿಡ್ಕೋಬೇಕು, ಅಷ್ಟೇ ನನ್ನ ರಾಜಕೀಯ."

ಹಲ್ಲಿಗೆ ಏನೋ ಮೆತ್ತಿದಳು. "ಇದು ತಾತ್ಕಾಲಿಕ. ಪಕ್ಕಾ ಮಾಡಿಸ್ಕೊಳೋಕೆ ಆಮೇಲೆ ಬಾ."

"ಯಾವಾಗ?" ಎಂದೆ, ಬಾಯಿ ಬಿಡುವಾದ ಮೇಲೆ.

"ನೀನು ಬರೆಯೋದರ ಮೇಲೆ ನಿಂತಿದೆ" ಎಂದು ಕೈ ತೊಳೆದುಕೊಂಡಳು.

೪, ಮತ್ತೊಮ್ಮೆ

ಮಧ್ಯಾಹ್ನ. ಊರೆಲ್ಲ ಮಲಗಿದೆ. ಹೆಲ್ಮೆಟ್ ಹಾಕಿದವನು ಒಳಗೆ ಬಂದು, ಯಾರೂ ಹೇಳದೆಯೇ ಕುರ್ಚಿಯಲ್ಲಿ ಒರಗಿಕೊಂಡ. ಅಂಗಿಯ ಕೆಳಗೆ ಸೊಂಟದ ಹತ್ತಿರ ಏನೋ ಉಬ್ಬಿಕೊಂಡಿತ್ತು. ಲಿಂದಾಲ್ವಾ ಬಾಗಿಲ ಕಡೆ ನೋಡಿದಳು; ಅವನು ಅದನ್ನು ಮುಚ್ಚಿಕೊಂಡೇ ಬಂದಿದ್ದ.

"ನಿಮ್ಮ ಮೇಲೆ ನಂಗೇನೂ ಕೋಪ ಇಲ್ಲ ಡಾಕ್ಟ್ರಮ್ಮ" ಎಂದ. "ಸಹಿ ಹಾಕಿಸ್ಕೊಂಡು ಬಾ ಅಂದ್ರು. ಹಾಕಿದ ಮೇಲೆ ಇನ್ನೊಂದು ಕೆಲಸಾನೂ ಹೇಳಿದಾರೆ. ಅದನ್ನ ಈಗ ಯಾಕೆ, ಬಿಡಿ."

ಅವನ ಮಾತಿನಲ್ಲಿ 'ಸ' ಬಂದಾಗಲೆಲ್ಲ ಸಣ್ಣ ಸಿಳ್ಳೆ ಹೊರಡುತ್ತಿತ್ತು. ಭಯದ ನಡುವೆಯೂ ಅವಳ ಕಿವಿ ಅದನ್ನು ಹಿಡಿಯಿತು. ಕೆಳಗಿನ ಸಾಲಿಲ್ಲದವರ ಸಿಳ್ಳೆ ಅದು.

"ಹೆಲ್ಮೆಟ್ ತೆಗಿ" ಎಂದಳು. ಅಭ್ಯಾಸಬಲ, ಕುರ್ಚಿಯಲ್ಲಿ ಕೂತವರಿಗೆಲ್ಲ ಹಾಗೆಯೇ ಏನಾದರೊಂದು ಹೇಳುವವಳು. ಅವನು ತೆಗೆದ. ಐವತ್ತರ ಆಸುಪಾಸು, ಕೆನ್ನೆ ಒಳಗೆ ಹೋಗಿತ್ತು. ಬಾಯಿ ತೆರೆದಾಗ ಮೇಲೆ ಅವಳದೇ ಕೆಲಸ ಕಂಡಿತು: ನಿಜವಾದ ಹಲ್ಲಿನಂತೆ ಕಾಣಲೆಂದು ಕೋರೆಹಲ್ಲನ್ನು ಒಂದು ಚೂರು ಸೊಟ್ಟ ಇಡುವುದು ಅವಳ ಪದ್ಧತಿ. ಕೆಳಗೆ ಬರೀ ಒಸಡು.

"ಜೊಸುಯೆಲ್ ನಾನು. ನೆನಪಿರಲ್ಲ ಬಿಡಿ. ಕೆಳಗೆ ಐದು ಗಟ್ಟಿ ಹಲ್ಲಿದ್ವು. ಸೆಟ್ಟು ಕೂರಲ್ಲ ಅಂತ ಕಿತ್ರಿ. ಮತ ಹಾಕಿ ಬಾ, ಕೆಳಗಿನದು ಕೊಡ್ತೀವಿ ಅಂದ್ರಿ."

"ಅಂದಿದ್ದು ಸೆನೆಟರು."

"ಕಿತ್ತಿದ್ದು ನೀವು." ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ಅವಳಿಗೆ ಹೆಚ್ಚು ಭಯ ಹುಟ್ಟಿಸಿತು. "ಹಲ್ಲಿದ್ದಾಗ ಕಡಲೆ ಇರ್ಲಿಲ್ಲ ಡಾಕ್ಟ್ರಮ್ಮ. ಈಗ ದೊಡ್ಡೋರ ಮನೇಲಿ ಕೆಲಸ, ದಿನಾ ಒಣಮಾಂಸ ಹುರೀತಾರೆ. ನಾನು ಮೆಕ್ಕೆಜೋಳದ ಹಿಟ್ಟಿನ ಕುಸ್‌ಕುಸ್‌ಗೆ ಹಾಲು ಹಾಕ್ಕೊಂಡು ನುಂಗ್ತೀನಿ, ಕೂಸಿನ ಥರ. ಎಲ್ಲ ನಗ್ತಾರೆ. ನನ್ನ ಕಂಡ್ರೆ ಹೆದರೋರೂ ನಗ್ತಾರೆ."

ಅವಳಿಗೆ ಕ್ಷಮೆ ಕೇಳಬೇಕೆನಿಸಿತು, ನಾಚಿಕೆಯಾಯಿತು. ಆದರೆ ಎಲ್ಲಕ್ಕಿಂತ ಮೇಲೆ ಭಯ ನಿಂತಿತ್ತು, ಮಾತಾಡಿದ್ದು ಆ ಭಯವೇ.

"ಕೆಳಗಿನ ಸೆಟ್ಟಿಗೆ ಅಚ್ಚು ತೆಗೀಲಾ?" ಎಂದಳು.

ಅವನು ಸೊಂಟದಲ್ಲಿದ್ದುದನ್ನು ತೆಗೆದು, ಉಗುಳುವ ಬಟ್ಟಲಿನ ಪಕ್ಕದ ತಟ್ಟೆಯಲ್ಲಿ, ಇಕ್ಕಳಗಳ ಸಾಲಿನಲ್ಲಿ ಇಟ್ಟು, ಬಾಯಿ ತೆರೆದ.

೫

ಹಲ್ಲಿನ ಸೆಟ್ಟು ಒಂದೇ ದಿನಕ್ಕೆ ಆಗುವುದಿಲ್ಲ. ಅಚ್ಚು ತೆಗೆಯಬೇಕು, ಮೇಣದ ಕಟ್ಟು ಕೂರಿಸಿ ಕಚ್ಚಿಸಿ ನೋಡಬೇಕು, ಹಲ್ಲು ಜೋಡಿಸಿ ಮತ್ತೆ ನೋಡಬೇಕು, ಬೇಯಿಸಬೇಕು, ತಿಕ್ಕಬೇಕು. ಲಿಂದಾಲ್ವಾ ಅದನ್ನು ತಿಂಗಳಿಗೆ ಎಳೆದಳು. ಅಚ್ಚು ಒಡೆಯಿತು ಎಂದಳು. ಕಚ್ಚು ಸರಿಯಿಲ್ಲ ಎಂದಳು. ಹಲ್ಲಿನ ಬಣ್ಣ ಮೇಲಿನದಕ್ಕೆ ಹೊಂದುತ್ತಿಲ್ಲ, ರಾಜಧಾನಿಯಿಂದ ತರಿಸಬೇಕು ಎಂದಳು. ಅವನು ಪ್ರತಿ ಸಲವೂ ತಲೆಯಾಡಿಸಿ ಹೋಗುತ್ತಿದ್ದ.

(ನಾನೂ ಅದನ್ನೇ ಮಾಡುತ್ತಿದ್ದೆ. ನೆಯುಮಾ ಕೇಳಿದಾಗಲೆಲ್ಲ, ಹುಟ್ಟಿದ ದಿನಾಂಕ ಸಿಕ್ಕಿಲ್ಲ, ಓದಿದ ಕಾಲೇಜು ಖಚಿತವಾಗಿಲ್ಲ ಎನ್ನುತ್ತಿದ್ದೆ. ಲಿಂದಾಲ್ವಾ ಹಲ್ಲು ಮುಗಿಸದಿದ್ದರೆ ಬದುಕುತ್ತಾಳೆ, ನಾನು ಪುಟ ಮುಗಿಸದಿದ್ದರೆ ಬದುಕುತ್ತಾಳೆ. ಇಬ್ಬರದೂ ಒಂದೇ ಕಸುಬು.)

ಮೂರನೆಯ ಸಲವೋ ನಾಲ್ಕನೆಯ ಸಲವೋ ಅವನು ಹೇಳಿದ: "ಇನ್ನೊಬ್ಬನ್ನ ಕಳಿಸ್ತೀನಿ ಅಂದ್ರು ಚಿಕ್ಕ ಧಣಿ. ನಿನ್ನ ಕೈಲಾಗಲ್ವಾ ಅಂದ್ರು. ಅವನ ಹತ್ರ ಹೋಗಿ ಹೇಳಿ ಬಂದಿದೀನಿ, ನನ್ನ ಹಲ್ಲಾಗೋ ತನಕ ಡಾಕ್ಟ್ರಮ್ಮನ ಬೀದಿಗೆ ಕಾಲಿಡಬೇಡ ಅಂತ."

"ಆದ್ಮೇಲೆ?"

"ಆದ್ಮೇಲಿನದು ಆದ್ಮೇಲೆ."

ಅಂದಿನಿಂದ ಅವನ ಬೈಕು ಅವಳ ಬೀದಿಯ ಕೊನೆಯಲ್ಲೇ ನಿಲ್ಲತೊಡಗಿತು. ಅದನ್ನು ಕಂಡರೆ ಅವಳಿಗೆ ಭಯ. ಒಂದು ದಿನ ಕಾಣದಿದ್ದಾಗ ಇನ್ನೂ ಹೆಚ್ಚು ಭಯವಾಯಿತು. ಎರಡು ಭಯಗಳ ನಡುವೆ ಯಾವುದು ತನ್ನದೆಂದು ತಿಳಿಯದೆ ಅವಳು ಗೋಡೆಯ ಮೇಲಿನ ಮಾತೆ ಮರಿಯಳ ಚಿತ್ರದ ಮುಂದೆ ಕೂತು ಅತ್ತಳು.

೬

ಬ್ರೆಜಿಲಿಯಾಕ್ಕೆ ಹೊರಡುವ ಬೆಳಿಗ್ಗೆ. ಸೆಟ್ಟು ಸಿದ್ಧವಾಗಿತ್ತು, ಅವಳ ಬದುಕಿನಲ್ಲೇ ಒಳ್ಳೆಯ ಕೆಲಸ. ಎಳೆದಾಡಲು ಏನೂ ಉಳಿದಿರಲಿಲ್ಲ. ಜೊಸುಯೆಲ್ ಬಾಗಿಲಲ್ಲಿ ನಿಂತು, ಹಬ್ಬಕ್ಕೆ ಬಂದವನಂತೆ ತಲೆ ಬಾಚಿಕೊಂಡಿದ್ದ. ಎರಡನೇ ಕರಡಿನಲ್ಲಿ ಅವಳು ಸೆಟ್ಟನ್ನು ಅವನ ಕೈಗಿಟ್ಟು 'ನನ್ನನ್ನು ಕ್ಷಮಿಸು' ಎನ್ನುತ್ತಾಳೆ, ಅವನು ಕಣ್ಣೊರೆಸಿಕೊಳ್ಳುತ್ತಾನೆ. ಆ ಕರಡನ್ನು ಓದಿ ನನಗೇ ನಗು ಬಂದು ಹರಿದು ಹಾಕಿದೆ.

ನಡೆದದ್ದು ಇಷ್ಟು. ಅವಳು ಸೆಟ್ಟನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಕೈಚೀಲದೊಳಗೆ ಹಾಕಿ, ಜಿಪ್ಪೆಳೆದಳು.

"ಪ್ರಮಾಣ ಆದ್ಮೇಲೆ ಕೊಡ್ತೀನಿ" ಎಂದಳು.

ಬೀದಿಯಲ್ಲಿ ಐಸ್‌ಕ್ರೀಮಿನವನ ಗಂಟೆ ಹೋಯಿತು.

"ಸೆನೆಟರ್ ಸಾಹೇಬ್ರೂ ಹಿಂಗೇ ಅಂದಿದ್ರು" ಎಂದ ಜೊಸುಯೆಲ್.

ಆ ಮಾತು ಅವಳಿಗೆ ತಗುಲಬೇಕಾದ ಕಡೆಯೇ ತಗುಲಿತು. ಮೂವತ್ತೈದು ವರ್ಷದ ವೃತ್ತಿಯಲ್ಲಿ ಯಾವ ರೋಗಿಗೂ ಹೀಗೆ ಮಾಡಿದವಳಲ್ಲ, ಆ ಒಂದು ಚುನಾವಣೆ ಬಿಟ್ಟರೆ. ಸೆನೆಟರ್ ಆಗುವ ಮೊದಲೇ ಆಗಿಬಿಟ್ಟೆನೇ ಎನಿಸಿತು. ಆದರೂ ಜಿಪ್ಪು ತೆಗೆಯಲಿಲ್ಲ. ಬದುಕಬೇಕಿತ್ತು. ಅವನು ಅವಳ ಪೆಟ್ಟಿಗೆ ಎತ್ತಿಕೊಂಡ. ವಿಮಾನದಲ್ಲಿ ಅವಳ ಹಿಂದಿನ ಸಾಲಿನಲ್ಲಿ ಕೂತ. ಅವಳು ಕೈಚೀಲವನ್ನು ತೊಡೆಯಿಂದ ಇಳಿಸಲಿಲ್ಲ.

೭

ಸೆನೆಟ್ಟಿನ ನೆಲಕ್ಕೆ ನೀಲಿ ಕಾರ್ಪೆಟ್ಟು. ಅವಳು ಮೈಕಿನ ಮುಂದೆ ನಿಂತಳು. ಚಪ್ಪಾಳೆ ತಟ್ಟಲು ಕಾದಿದ್ದವರ ಸಾಲಿನಲ್ಲಿ ಕಿರಿಯ ಓತಸೀಲಿಯೊ ಕೂಡ ಇದ್ದ. ಅತಿಥಿಯಾಗಿ ಬಂದಿದ್ದ, ಕಪ್ಪು ಟೈ ಕಟ್ಟಿದ್ದ. ಮೇಲಿನ ಗ್ಯಾಲರಿಯಲ್ಲಿ ಜೊಸುಯೆಲ್. ಸಂವಿಧಾನವನ್ನು ಕಾಪಾಡುತ್ತೇನೆ ಎಂದು ಓದುವಾಗ ಅವಳ ದನಿ ನಡುಗಿತು, ಪತ್ರಿಕೆಗಳು ಅದನ್ನು ಭಾವುಕತೆ ಎಂದು ಬರೆದವು. 'ಹಾಗೆಂದು ಮಾತು ಕೊಡುತ್ತೇನೆ' ಎಂದು ಮುಗಿಸಿದಾಗ ಮೇಲಿನಿಂದ ಒಬ್ಬನೇ ಒಬ್ಬ ಎದ್ದು ನಿಂತದ್ದು ಕಂಡಿತು. ಮಾತು ಎಂದರೆ ಅವನಿಗೆ ಒಂದೇ ಮಾತು.

ಕಾರಿಡಾರಿನಲ್ಲಿ ಕಾದಿದ್ದ. ಸುತ್ತ ಯಾರೂ ಇರಲಿಲ್ಲ. ಅವಳು ಹತ್ತಿರ ಬರುತ್ತಲೇ, ಕ್ಲಿನಿಕ್ಕಿನ ಕುರ್ಚಿಯಲ್ಲಿ ಮಾಡುತ್ತಿದ್ದಂತೆ, ತಲೆ ಹಿಂದಕ್ಕೆ ಒರಗಿಸಿ ಬಾಯಿ ತೆರೆದು ನಿಂತ. ಅವಳು ಜಿಪ್ಪೆಳೆದು ಚೀಲದೊಳಗೆ ಕೈ ಹಾಕಿದಳು.

ಇಲ್ಲಿ ನಿಲ್ಲಿಸಿದ್ದೇನೆ.

ಮುಕ್ತಾಯ ಬೇಕೆನ್ನುವವರಿಗೆ ಒಂದು: ಕೊಡುತ್ತಾಳೆ. ಸೆಟ್ಟು ಕೂರುತ್ತದೆ. ಅವನು ಕಚ್ಚಿ ನೋಡುತ್ತಾನೆ, ಸುಖದಿಂದ ಕಣ್ಣು ಮುಚ್ಚುತ್ತಾನೆ. ಇನ್ನು ಅವನಿಗೆ ಅವಳಿಂದ ಬೇಕಾದದ್ದು ಏನೂ ಇಲ್ಲ. ಧಣಿ ಹೇಳಿದ ಕೆಲಸ ಇನ್ನೂ ಬಾಕಿಯಿದೆ. ಮತ್ತೊಂದು: ಕೊಡುವುದಿಲ್ಲ. "ಒಂಚೂರು ತಿಕ್ಕೋದಿದೆ ಜೊಸುಯೆಲ್, ಮುಂದಿನ ವಾರ" ಎನ್ನುತ್ತಾಳೆ. ವಾರ ವರ್ಷವಾಗುತ್ತದೆ. ಅವಳು ಬದುಕಿರುತ್ತಾಳೆ, ಕುರ್ಚಿಯಲ್ಲಿರುತ್ತಾಳೆ, ನನ್ನ ದಪ್ಪ ಪುಸ್ತಕದಲ್ಲಿ ಉಳಿದವರ ಪಕ್ಕ ಒಂದಿಷ್ಟೂ ಬೇರೆಯಾಗಿ ಕಾಣುವುದಿಲ್ಲ.

"ಯಾವುದು ಬರೀಲಿ?" ಎಂದು ಅವಳನ್ನೇ ಕೇಳಿದೆ.

"ನನ್ನ ಕೈ ಚೀಲದೊಳಗೇ ಇರಲಿ" ಎಂದಳು. "ನಿಂಗೆ ಕೈ ಮುಗೀತೀನಿ, ಆಚೆ ತೆಗೆಸ್ಬೇಡ."

ಕೊನೆಯ ಅಂಕಿ ಹಾಕಲಾರೆ

ಈ ಬೆಳಿಗ್ಗೆ ನೆಯುಮಾ ಫೋನ್ ಮಾಡಿದಳು. ದನಿ ಬಹಳ ಮೆತ್ತಗಿತ್ತು.

"ಮೇಷ್ಟ್ರೇ, ಆ ಹೆಂಗಸಿನ ಪುಟ ಮುಗೀತಾ?"

"ಕೊನೇ ಸಾಲು ಉಳಿದಿದೆ."

"ಅದಕ್ಕೇ ಫೋನ್ ಮಾಡಿದ್ದು. ಕೊನೇ ಸಾಲಿನ ವಿಷಯ ಹೇಳೋಕೆ ಮನುಷ್ಯನ್ನ ಕಳಿಸಿದೀನಿ. ಅವನೇ ಹೇಳ್ತಾನೆ, ನೀವು ಬರ್ಕೊಳಿ. ಗುಣವಾಚಕ ಬೇಡ."

"ಯಾರನ್ನ?"

ಫೋನ್ ಇಟ್ಟಳು. ಅಡುಗೆಮನೆಯಲ್ಲಿ ನಿಂತು ತಾತ್ಕಾಲಿಕ ಹಲ್ಲಿನ ಮೇಲೆ ನಾಲಿಗೆ ಆಡಿಸಿದೆ. ಅದು ಅಲುಗುತ್ತಿದೆ. ಲಿಂದಾಲ್ವಾ ಬದುಕಿರಬೇಕು ಎಂದು ನಾನು ಇಷ್ಟು ಆಸೆಪಡುವುದರಲ್ಲಿ ನನ್ನ ಸ್ವಾರ್ಥ ಎಷ್ಟು ಎಂದು ಕೇಳಬೇಡಿ. ಟಿವಿ ಹಾಕಿಲ್ಲ, ಪತ್ರಿಕೆ ಬಿಡಿಸಿಲ್ಲ.

ಈಗ ಗೇಟಿನ ಹತ್ತಿರ ಬೈಕು ನಿಂತಿದೆ. ಕಿಟಕಿಯಿಂದ ಹೆಲ್ಮೆಟ್ ಕಾಣುತ್ತಿದೆ. ಅವನು ಅದನ್ನು ತೆಗೆದು ಕಂಬಕ್ಕೆ ತೂಗುಹಾಕಿದ. ಕೆನ್ನೆ ಒಳಗೆ ಹೋಗಿದೆಯೋ ತುಂಬಿದೆಯೋ ಇಷ್ಟು ದೂರದಿಂದ ತಿಳಿಯುವುದಿಲ್ಲ, ಬಿಸಿಲು ಎದುರಿಗಿದೆ. ಅವನು ಒಂದೇ ಒಂದು ಮಾತಾಡಿದರೆ ಸಾಕು. 'ಸ' ಎಂಬುದು ಸಿಳ್ಳೆಯಾಗಿ ಬಂದರೆ ಹಲ್ಲು ಇನ್ನೂ ಅವಳ ಚೀಲದಲ್ಲಿದೆ, ಅವಳು ಬದುಕಿದ್ದಾಳೆ. ಸ್ಪಷ್ಟವಾಗಿ ಬಂದರೆ ಕೊಟ್ಟಿದ್ದಾಳೆ, ಅವನನ್ನು ತಡೆಯುವಂಥದ್ದು ಯಾವುದೂ ಉಳಿದಿರಲಿಲ್ಲ.

ಅವನು ನನ್ನನ್ನು ಕಂಡ. ಗೇಟಿನ ಸರಳು ಹಿಡಿದು, ಬಾಯಿ ತೆರೆದ.

ನಾನು ಮಿಕ್ಸಿ ಹಾಕಿದೆ. ಗೇರುಹಣ್ಣಿನ ರಸ ಮಾಡುತ್ತಿದ್ದೇನೆ. ಅವನ ತುಟಿ ಅಲ್ಲಾಡುವುದು ಕಾಣುತ್ತಿದೆ, ಏನೂ ಕೇಳಿಸುತ್ತಿಲ್ಲ. ಲೋಟ ತುಂಬಿತು, ಇನ್ನೊಂದು ಹಣ್ಣು ಹಾಕಿದೆ. ಅವನಿಗೆ ಅವಸರವಿದ್ದಂತಿಲ್ಲ, ಗೇಟಿಗೆ ಒರಗಿ ನಿಂತಿದ್ದಾನೆ. ಬುಟ್ಟಿಯಲ್ಲಿ ಇನ್ನೂ ಕೆಲವು ಹಣ್ಣಿವೆ. ಅವು ಮುಗಿದರೆ ಬರೀ ನೀರು ಹಾಕಿ ತಿರುಗಿಸುತ್ತೇನೆ.